ಕಾಡು ಯಾರದು, ಕಣ್ಣೀರು ಯಾರದು?

ಕಾಡು ಹೋಯಿತು, ಹೊಳೆ ಕೆಟ್ಟಿತು, ಯಂತ್ರ ಬಂದು ಹಳ್ಳಿಯ ನೆಮ್ಮದಿ ಹಾಳಾಯಿತು ಅಂತ ನಮ್ಮ ಕಾದಂಬರಿಗಳ ಬಗ್ಗೆ ಭಾಷಣ ಬಿಗಿಯುವ ವಿದ್ವಾಂಸರಿಗೆ ನಾವೊಂದು ಮಾತು ಕೇಳುತ್ತೇವೆ: ಹಾಳಾಗುವ ಮುಂಚೆ ಆ ನೆಮ್ಮದಿ ಯಾರಿಗಿತ್ತು ಸ್ವಾಮಿ?

ಶಿವರಾಮ ಕಾರಂತರ 'ಚೋಮನ ದುಡಿ' (1933) ತೆಗೆಯಿರಿ. ಚೋಮನ ಹತ್ತಿರ ಎತ್ತುಗಳಿವೆ, ಉಳಲು ನೆಲವಿಲ್ಲ. ಹೊಲೆಯ ಬೇಸಾಯಗಾರ ಆಗಕೂಡದು ಅಂತ ತಡೆದದ್ದು ಯಂತ್ರವಲ್ಲ, ಸಂಪ್ರದಾಯ. ಅವನ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿ ಜನವಿದ್ದರು. ಮುಟ್ಟಿದರೆ ಮೈಲಿಗೆ! ಆ ಹೊಳೆಗೆ ಯಾವ ಕಾರ್ಖಾನೆಯೂ ವಿಷ ಬಿಟ್ಟಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಕುಡಿದರು. ಕೆರೆ ಕೆಟ್ಟಿತೆಂದು ಸಗಣಿ ಗಂಜಲ ಸುರಿದು 'ಶುದ್ಧ' ಮಾಡಿದರು ಸವರ್ಣೀಯರು. ನೀರಿನ ಮಾಲಿನ್ಯದ ಪಾಠವನ್ನು ನಮಗೆ ಹೇಳಿಕೊಡಬೇಕೆ? ಹಳ್ಳಿಯನ್ನು ಹಾಡಿ ಹೊಗಳುವವರನ್ನು ಬಾಬಾಸಾಹೇಬರು 1948ರಲ್ಲಿ ಸಂವಿಧಾನ ಸಭೆಯಲ್ಲೇ ಝಾಡಿಸಿದ್ದು ಸುಮ್ಮನೆ ಅಲ್ಲ.

ಹಾಗಂತ ಆಧುನಿಕತೆ ನಮ್ಮ ಪಾಲಿನ ದೇವರೂ ಅಲ್ಲ. ಚೋಮನ ಮಕ್ಕಳಿಗೆ ಹೊಸ ಕಾಲ ಬಂದದ್ದು ಕಾಫಿ ತೋಟದ ರೂಪದಲ್ಲಿ. ಸಾಲ ತೀರಿಸಲು ಹೋದ ಚನಿಯ ಜ್ವರ ಹೊತ್ತು ಬಂದು ಸತ್ತ. ಸಾಲ ಸಾಯಲಿಲ್ಲ, ಬೆಳ್ಳಿ ತೋಟಕ್ಕೆ ಹೋಗಬೇಕಾಯಿತು. ಕಾಡು ಕಡಿಸಿ ತೋಟ ಮಾಡಿದ ಧಣಿ ಸಾಹಸಿ ಅನ್ನಿಸಿಕೊಳ್ಳುತ್ತಾನೆ. ಕೊಡಲಿ ಹಿಡಿದವನು ಅದೇ ಧಣಿಯ ಲೆಕ್ಕದ ಪುಸ್ತಕದಲ್ಲಿ ಸಾಲಗಾರ.

ಅಣೆಕಟ್ಟಿನ ಕತೆಯೂ ಇದೇ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮಲೆನಾಡಿನ ಆ ಮುಳುಗಡೆಯ ಸಂಕಟವನ್ನು ನಾ. ಡಿಸೋಜ 'ದ್ವೀಪ'ದಲ್ಲಿ ಬರೆದರು. ಓದಿ ನಾವೂ ಮರುಗಿದ್ದೇವೆ. ಆದರೆ ಸರ್ಕಾರ ಪರಿಹಾರ ಕೊಡುವುದು ಪಹಣಿ ನೋಡಿ. ಪಹಣಿಯಲ್ಲಿ ಹೆಸರೇ ಇಲ್ಲದ ಕೂಲಿಯವನ ಬದುಕು ಮುಳುಗಿದರೆ ಅದನ್ನು ಅಳೆಯುವ ಸರಪಳಿ ಯಾವ ಸರ್ವೆಯವರ ಹತ್ತಿರ ಇದೆ? ವಿಮರ್ಶಕರು ಮುಳುಗಿದ ತೋಟ ಎಣಿಸುತ್ತಾರೆ, ಮರ ಎಣಿಸುತ್ತಾರೆ. ತೋಟದ ಆಳನ್ನು ಎಣಿಸುವುದಿಲ್ಲ.

ಹಾಸ್ಟೆಲಿನ ಗೆಳೆಯರೇ, ಪಠ್ಯಪುಸ್ತಕದಲ್ಲಿ ಕಾಡಿನ ವರ್ಣನೆ ಬಂದರೆ ಬಾಯಿಪಾಠ ಮಾಡಿ ಸುಮ್ಮನಾಗಬೇಡಿ. ಮೇಷ್ಟರನ್ನು ಎದ್ದು ನಿಂತು ಕೇಳಿ: ಈ ಮರ ಕಡಿದವರು ಯಾರು? ಕೂಲಿ ಎಷ್ಟು ಸಿಕ್ಕಿತು? ಕಾಡು ಮುಗಿದ ಮೇಲೆ ಅವರು ಎಲ್ಲಿಗೆ ಹೋದರು? ಉತ್ತರ ಪುಸ್ತಕದಲ್ಲಿ ಇಲ್ಲದಿದ್ದರೆ ರಜಕ್ಕೆ ಊರಿಗೆ ಹೋದಾಗ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ.

ನಮಗೆ ಕಾಡೂ ಬೇಕು, ಕರೆಂಟೂ ಬೇಕು. ಆದರೆ ಊರಾಚೆಯ ಕೇರಿಯೂ ಬೇಡ, ತೋಟದೊಳಗಿನ ಲೈನ್‌ಮನೆಯೂ ಬೇಡ. ಇದನ್ನು ಹೇಳುವ ಕಾದಂಬರಿಯನ್ನು ಯಾರೋ ಬರೆದುಕೊಡಲಿ ಅಂತ ಕಾಯುವುದು ಬೇಡ. ಪೆನ್ನು ನಿಮ್ಮ ಕೈಗೆ ಬಂದಿದೆ. ಬರೆಯಿರಿ.

ಜೈ ಭೀಮ್!