ಗಿಲ್ಬರ್ಟ್ ಸಾಹೇಬರ ದೆವ್ವ

ನಮ್ಮ ಕೆಂಟನ್‌ನಿಂದ ಕೆಲವೇ ಮೈಲಿ ದೂರದ ಹ್ಯಾರೋ ವೀಲ್ಡ್‌ನಲ್ಲಿ ಗ್ರಿಮ್ಸ್ ಡೈಕ್ ಎಂಬ ಬಂಗಲೆಯಿದೆ. 1870ರ ದಶಕದಲ್ಲಿ ಕಟ್ಟಿದ್ದು. ಮುಂದೆ ಹೋಟೆಲು, ರೆಸ್ಟೊರೆಂಟು ಆಯಿತು. ಅಲ್ಲಿ ಸರ್ ಡಬ್ಲ್ಯು. ಎಸ್. ಗಿಲ್ಬರ್ಟ್ ಅವರ ದೆವ್ವ ಓಡಾಡುತ್ತದೆಂದು ಪ್ರತೀತಿ.

ಮಕ್ಕಳಿಗೆ ಇಂಥದ್ದೆಲ್ಲ ಹೇಳಬಾರದು ಎನ್ನುವ ಪೋಷಕರು ನಮ್ಮಲ್ಲೂ ಇದ್ದಾರೆ. ದೆವ್ವವನ್ನು ಸಾಗಹಾಕಲು ಊರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದಿದ್ದನ್ನು ಕಂಡವರು ನಾವು; ನಾವೇ ಹೀಗೆನ್ನುವುದು ತಮಾಷೆ! ಧಾರಾಳವಾಗಿ ಹೇಳೋಣ. ಆದರೆ ಪೂರ್ತಿ ಹೇಳೋಣ.

ಗಿಲ್ಬರ್ಟ್ ಎಂದರೆ ಸಲಿವನ್ ಅವರ ಸಂಗೀತದೊಂದಿಗೆ 1885ರಲ್ಲಿ 'ದಿ ಮಿಕಾಡೊ' ಕೊಟ್ಟ ನಾಟಕಕಾರರು. 1890ರಲ್ಲಿ ಈ ಮನೆ ಕೊಂಡು, ತೋಟದಲ್ಲಿ ಕೆರೆ ತೋಡಿಸಿದರು. 1911ರ ಮೇ 29ರಂದು ಅಲ್ಲಿ ಇಬ್ಬರು ಹುಡುಗಿಯರಿಗೆ ಈಜು ಕಲಿಸಲು ಹೊರಟಿದ್ದರು. ಒಬ್ಬಳಿಗೆ ಕಾಲಿಗೆ ನೆಲ ಸಿಗದೆ ಕೂಗಿಕೊಂಡಳು. 74ರ ಅಜ್ಜ ಅವಳತ್ತ ಈಜಿದರು. ನೀರಿನಲ್ಲೇ ಹೃದಯ ನಿಂತಿತು.

ದೆವ್ವ ಯಾವ ಕೋಣೆಯಲ್ಲಿದೆ ಎಂದು ಕೇಳುವವರು ಬಹಳ. ಆ ಹುಡುಗಿ ಏನಾದಳೆಂದು ಕೇಳುವವರು ಕಡಿಮೆ. ಅವಳು ಬದುಕಿದಳು. 1937ರಲ್ಲಿ ಚಿತ್ರಕಲಾವಿದ ಸ್ಟ್ಯಾನ್ಲಿ ಸ್ಪೆನ್ಸರ್ ಅವರನ್ನು ಮದುವೆಯಾದ ಪ್ಯಾಟ್ರೀಷಿಯಾ ಪ್ರೀಸ್ ಅವಳೇ.