ಪೊರಕೆ ಹಿಡಿದರೆ ಸಾಲದು

ಜೂನ್ 5 ಬಂತೆಂದರೆ ನಮ್ಮ ಬೆಂಗಳೂರಿನ ರಾಜಕಾಲುವೆಗಳ ದಡದಲ್ಲಿ ಜಾತ್ರೆಯೋ ಜಾತ್ರೆ. ಬಿಳಿ ಟೋಪಿ, ಹೊಸ ಪೊರಕೆ, ಬ್ಯಾನರು, ಕ್ಯಾಮರಾ. ನಾಲ್ಕು ಚೀಲ ಪ್ಲಾಸ್ಟಿಕ್ಕು ತುಂಬಿ, ಉಪ್ಪಿಟ್ಟು ತಿಂದು ಎಲ್ಲರೂ ಮನೆಗೆ. ಮರುದಿನ ಕಾಲುವೆ ಮೊದಲಿನಂತೆಯೇ ನಾರುತ್ತದೆ. ಸ್ವಯಂಸೇವಕರ ಉತ್ಸಾಹವನ್ನು ನಾನು ಹಳಿಯುತ್ತಿಲ್ಲ. ಆದರೆ ಅವರ ಕೈಗೆ ಪೊರಕೆ ಕೊಟ್ಟು, ಕೇಳಬೇಕಾದ ಪ್ರಶ್ನೆಯನ್ನು ಮರೆಸಿಬಿಟ್ಟಿದ್ದೇವೆ ಎಂಬುದೇ ನನ್ನ ತಕರಾರು.

ಪ್ರಶ್ನೆ ಬಹಳ ಸರಳ. ಹನಿ ಮಳೆಯಿಲ್ಲದ ದಿನವೂ ಮಳೆನೀರಿನ ಕಾಲುವೆಯಲ್ಲಿ ಹರಿಯುವುದು ಯಾವ ನೀರು? ಬಚ್ಚಲಿನದು, ಪಾಯಿಖಾನೆಯದು, ಕಾರ್ಖಾನೆಯದು. ಕೊಳಚೆಗೆಂದು ಒಳಚರಂಡಿ ಬೇರೆಯೇ ಇದೆ. ಅದು ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಮಳೆನೀರಿನ ಕಾಲುವೆ ಹೋಗುವುದು ನೇರವಾಗಿ ಕೆರೆಗೆ, ಹೊಳೆಗೆ. ಅದರೊಳಕ್ಕೆ ಕದ್ದು ಪೈಪು ಬಿಟ್ಟವರು ಯಾರು? ಗೃಹಪ್ರವೇಶಕ್ಕೆ ಹೋಮ ಮಾಡಿಸಿದ ನಾವೇ. ತಾರಸಿಯ ಮಳೆನೀರನ್ನು ಒಳಚರಂಡಿಗೆ ತಿರುಗಿಸಿ, ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿಸುವವರೂ ನಾವೇ.

"ನಮ್ಮೊಂದು ಪೈಪಿನಿಂದ ಏನಾಗುತ್ತೆ ಬಿಡಿ ಮೇಡಂ" ಎನ್ನುತ್ತಾರೆ. ಹನಿ ಹನಿ ಕೂಡಿ ಹಳ್ಳವಾಗುವ ಮಾತು ಕೊಳಚೆಗೂ ಸಲ್ಲುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ನಾವು ನಂಬುವ ವೃಷಭಾವತಿಯನ್ನು ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತೇವೆ. ನಮ್ಮ ಮೂಗಿಗೆ ಅದು ಎರಡು ನಿಮಿಷದ ಕಷ್ಟ. ಆ ನೀರು ಮುಂದೆ ಬಿಡದಿ ಬಳಿಯ ಬೈರಮಂಗಲದ ಕೆರೆಯತ್ತ ಹರಿಯಿತು. ಅಲ್ಲಿಯ ರೈತರು ಅದನ್ನೇ ದಶಕಗಳ ಕಾಲ ಹೊಲಗದ್ದೆಗೆ ಹಾಯಿಸಿಕೊಂಡರು. ಆಮೇಲೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಕುಡಿಯಲು ಕಾವೇರಿಯನ್ನು ತರಿಸಿಕೊಂಡು, ಪ್ರತಿಯಾಗಿ ಇದನ್ನು ಕಳಿಸುವವರಿಗೆ ಏನೆನ್ನಬೇಕು?

ಒಮ್ಮೆ ಒಂದು ಸಂಸ್ಥೆಯವರು ನಮ್ಮ ಶಾಲೆಯ ಮಕ್ಕಳನ್ನು ಕಾಲುವೆಗೆ ಇಳಿಸಿರೆಂದು ಕೇಳಿದರು. ನಾನು ಒಪ್ಪಲಿಲ್ಲ. ಕಾಲಿನ ಸಣ್ಣ ಗಾಯದಿಂದಲೂ ಇಲಿಜ್ವರ ಒಳಸೇರುತ್ತದೆ. ರಕ್ಷಣಾ ಸಾಧನವಿಲ್ಲದೆ ದೊಡ್ಡವರನ್ನೇ ಒಳಚರಂಡಿಗೆ ಇಳಿಸಬಾರದೆಂದು 2013ರ ಕಾಯಿದೆ ಹೇಳುವಾಗ, ಬೇರೆಯವರ ಹೊಲಸಿಗೆ ಮಕ್ಕಳೇಕೆ ಕೈಹಾಕಬೇಕು?

ಹಾಗಾದರೆ ಸ್ವಯಂಸೇವಕರು ಬೇಡವೇ? ಬೇಕು, ಕಾವಲುಗಾರರಾಗಿ ಬೇಕು. ಪುಟ್ಟೇನಹಳ್ಳಿ ಕೆರೆಗಾಗಿ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿದರು. ಅದು ಒಂದು ಭಾನುವಾರಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಬೇಸಿಗೆಯಲ್ಲಿ, ಮಳೆ ಬಾರದ ದಿನ ನೋಡಿ, ಕಾಲುವೆಯ ದಡದಲ್ಲೇ ನಡೆಯಿರಿ. ಎಲ್ಲೆಲ್ಲಿ ಪೈಪು ಸುರಿಯುತ್ತಿದೆ ಎಂದು ಬರೆದುಕೊಳ್ಳಿ. ಆ ಮನೆಯವರ ಬಾಗಿಲು ತಟ್ಟಿ, ವಿನಯದಿಂದಲೇ ಹೇಳಿ. ಕೇಳದಿದ್ದರೆ ಅರ್ಜಿ ಕೊಡಿ. ಕಾಲುವೆ ಪಾಲಿಕೆಯ ಪಾಲು, ಒಳಚರಂಡಿ ಜಲಮಂಡಳಿಯ ಪಾಲು. ನಡುವೆ ಅರ್ಜಿ ಕಳೆದುಹೋಗದಂತೆ ಇಬ್ಬರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆ ಇದ್ದೇ ಇದೆ. ಇದರಲ್ಲಿ ಫೋಟೋ ಬರುವುದಿಲ್ಲ. ನೆರೆಮನೆಯವರ ಮುನಿಸಂತೂ ಖಂಡಿತ ಬರುತ್ತದೆ. ಸೇವೆಯೆಂದರೆ ಇಷ್ಟನ್ನಾದರೂ ತಾಳಿಕೊಳ್ಳಬೇಡವೇ?

ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತಿದ್ದರೂ ಬೇರೆಯವರ ಎಲೆಯ ನೊಣ ಓಡಿಸುವವರ ಗಾದೆ ನಮಗೆ ಅಂಟದಿರಲಿ. ಮೊದಲು ನಿಮ್ಮ ಮನೆಯ ಹಿತ್ತಿಲ ಪೈಪು ಎಲ್ಲಿಗೆ ಸೇರುತ್ತದೆಂದು ನೋಡಿಕೊಂಡು ಬನ್ನಿ. ಪೊರಕೆ ಆಮೇಲೆ ಹಿಡಿಯೋಣ.