ಮೂರನೆಯ ಚಕ್ರದ ಮನುಷ್ಯ

ಪಕ್ಕದಲ್ಲಿ ತೊಟ್ಟಿಲಿನಂತಹ ಬಂಡಿಯೊಂದನ್ನು ತಗುಲಿಸಿಕೊಂಡು ಓಡುವ ಮೋಟಾರ್ ಸೈಕಲ್ಲೆಂದೊಡನೆ ಕನ್ನಡದ ಓದುಗರ ಕಣ್ಣಿಗೆ ಮೊದಲು ಕಟ್ಟುವುದು 1975ರ ‘ಶೋಲೆ’. ರಾಮನಗರದ ಬಂಡೆಗಳ ನಡುವೆ ತಯಾರಾದ ಆ ಚಿತ್ರದಲ್ಲಿ ಗೆಳೆಯರಿಬ್ಬರು ಹಾಡುತ್ತ, ನಗುತ್ತ, ಹೆಗಲೇರಿ ಕುಣಿಯುತ್ತ ಸಾಗುತ್ತಾರೆ. ಪಕ್ಕದ ಬಂಡಿಯವನಿಗೆ ಅಲ್ಲಿ ಬೇರೆ ಕೆಲಸವಿಲ್ಲ. ಗೆಳೆತನವೊಂದೇ ಅವನ ಉದ್ಯೋಗ.

ಪಂದ್ಯದ ಕಣಕ್ಕಿಳಿದ ಸೈಡ್‌ಕಾರಿನ ಮಾತೇ ಬೇರೆ. ಅಲ್ಲಿ ಪಕ್ಕದವನಿಗೆ ಕೂರಲು ಆಸನವಿಲ್ಲ, ಕಟ್ಟಿಕೊಳ್ಳಲು ಪಟ್ಟಿಯಿಲ್ಲ, ಹಿಡಿದು ತಿರುಗಿಸಲು ಹ್ಯಾಂಡಲಿಲ್ಲ, ತುಳಿಯಲು ಬ್ರೇಕಿಲ್ಲ. ಇರುವುದು ಅಂಗೈಯಗಲದ ತಟ್ಟೆಯಂತಹ ಒಂದು ಹಲಗೆ, ಅದರಂಚಿಗೆ ಒಂದೆರಡು ಹಿಡಿಗಳು, ಕೆಳಗೆ ಗೇಣುದ್ದದಲ್ಲಿ ಓಡುವ ರಸ್ತೆ. ಇಂತಹವನಿಗೆ ಪಂದ್ಯದ ಕಡತಗಳು ಕೊಟ್ಟಿರುವ ಹೆಸರು ‘ಪ್ಯಾಸೆಂಜರ್’! ಬಸ್ಸಿನ ಪ್ಯಾಸೆಂಜರು ಟಿಕೇಟು ಕೊಂಡು ನಿದ್ದೆ ಹೋಗಬಹುದು. ಈ ಪ್ಯಾಸೆಂಜರು ಅರೆಕ್ಷಣ ಮೈಮರೆತರೆ ಹೋಗುವುದು ನಿದ್ದೆಯಲ್ಲ, ಎರಡು ಪ್ರಾಣ.

ಜರ್ಮನಿಯ ಹೆಸ್ಸೆನ್ ಪ್ರಾಂತದಲ್ಲಿ, ಫೋಗೆಲ್ಸ್‌ಬರ್ಗ್ ಬೆಟ್ಟಗಳ ಮಡಿಲಲ್ಲಿ, ಶಾಟನ್ ಎಂಬ ಸಣ್ಣ ಊರಿದೆ. 1925ರಲ್ಲಿ ಅಲ್ಲಿ ಮೋಟಾರ್ ಸೈಕಲ್ ಪಂದ್ಯಗಳು ಆರಂಭವಾದುವು. ಕಾಡು, ಹಳ್ಳಿ, ಏರು, ಇಳಿತಗಳನ್ನು ಸುತ್ತಿ ಬರುವ ಹದಿನಾರು ಕಿಲೋಮೀಟರಿನ ಹಾದಿ ಅದು. 1953ರ ಜರ್ಮನ್ ಗ್ರಾಂಡ್ ಪ್ರಿ ಅಲ್ಲಿಯೇ ನಡೆದಾಗ, ಹಾದಿ ತೀರ ಅಪಾಯಕರವೆಂದು ದೊಡ್ಡ ವರ್ಗಗಳ ಹೆಸರಾಂತ ಸವಾರರು ಓಡಲು ನಿರಾಕರಿಸಿದರು. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ ಕಾರು ಪಂದ್ಯದಲ್ಲಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಮಡಿದ ಮೇಲಂತೂ ಶಾಟನ್ನಿನ ಹಳೆಯ ಪಂದ್ಯದ ಬಾಗಿಲು ಮುಚ್ಚಿತು. ಆದರೇನು? ಊರು ಮರೆಯಲಿಲ್ಲ. ಕೆಲವು ದಶಕಗಳಿಂದ ಆಗಸ್ಟ್ ತಿಂಗಳ ಒಂದು ವಾರಾಂತ್ಯವನ್ನು ಹಳೆಯ ಯಂತ್ರಗಳಿಗಾಗಿಯೇ ಮೀಸಲಿಟ್ಟು, ಊರೊಳಗಿನ ಪುಟ್ಟ ಹಾದಿಯೊಂದರಲ್ಲಿ ಅವುಗಳನ್ನು ಓಡಿಸುತ್ತ ಬಂದಿದೆ. ಯೂರೋಪಿನ ಬೇರೆ ಊರುಗಳಲ್ಲಿಯೂ ಇಂತಹ ಜಾತ್ರೆಗಳುಂಟು. ಎಲ್ಲ ಕಡೆಯೂ ಜನ ಹೆಚ್ಚಾಗಿ ಮುತ್ತುವುದು ಸೈಡ್‌ಕಾರುಗಳ ಸುತ್ತಲೇ.

ಶನಿವಾರದ ಅಭ್ಯಾಸದ ಹೊತ್ತಿಗೆ ಗಾಳಿಯಲ್ಲಿ ಒಂದು ವಾಸನೆ ಏಳುತ್ತದೆ. ಸುಟ್ಟ ಹರಳೆಣ್ಣೆಯ ವಾಸನೆ! ಕನ್ನಡನಾಡಿನ ಅಜ್ಜಿಯರು ಮೊಮ್ಮಕ್ಕಳ ನೆತ್ತಿಗೆ ತಟ್ಟಿ, ಮೂಗು ಹಿಡಿದು ಹೊಟ್ಟೆಗೂ ಇಳಿಸುತ್ತಿದ್ದ ಅದೇ ಎಣ್ಣೆ ಹಳೆಯ ಪಂದ್ಯದ ಇಂಜಿನುಗಳ ಜೀವರಸ. ಕೆಂಡದಂತೆ ಕಾದ ಲೋಹವನ್ನೂ ಅದು ಬಿಡದೆ ಅಂಟಿಕೊಂಡು ಕಾಪಾಡುತ್ತದೆ. ನಮ್ಮಲ್ಲಿ ಮಕ್ಕಳನ್ನು ಓಡಿಸುವ ಆ ವಾಸನೆ ಅಲ್ಲಿ ಮುದುಕರನ್ನು ಬೇಲಿಯ ಬಳಿಗೆ ಎಳೆದು ತರುತ್ತದೆಯೆಂಬುದು ಸೋಜಿಗವೇ ಸರಿ.

ಈ ವಾಹನದ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಎರಡು ಚಕ್ರದ ಮೋಟಾರ್ ಸೈಕಲ್ಲು ತಿರುವಿನಲ್ಲಿ ತಾನೇ ವಾಲಿ ಸಮತೋಲ ಕಾಯ್ದುಕೊಳ್ಳುತ್ತದೆ. ಪಕ್ಕದಲ್ಲಿ ಮೂರನೆಯ ಚಕ್ರವನ್ನು ಬಿಗಿದೊಡನೆ ಆ ವಿದ್ಯೆ ಅದಕ್ಕೆ ಮರೆತುಹೋಗುತ್ತದೆ. ಇಂಜಿನ್ನಿನ ಬಲವೆಲ್ಲ ಒಂದು ಮಗ್ಗುಲಲ್ಲಿ, ಎಳೆಯಬೇಕಾದ ಹೊರೆ ಇನ್ನೊಂದು ಮಗ್ಗುಲಲ್ಲಿ. ವೇಗ ಹೆಚ್ಚಿಸಿದರೆ ಬಂಡಿ ಸೈಡ್‌ಕಾರಿನ ಕಡೆಗೆ ತಿರುಗಲು ಹವಣಿಸುತ್ತದೆ; ತಗ್ಗಿಸಿದರೆ ಎದುರು ಕಡೆಗೆ ಜಗ್ಗುತ್ತದೆ. ಒಂದೆತ್ತು ಗಟ್ಟಿ, ಒಂದೆತ್ತು ಬಡಕಲು ಕಟ್ಟಿದ ನೊಗದ ಹಾಗೆ, ನೇರ ರಸ್ತೆಯಲ್ಲಿಯೂ ಅದಕ್ಕೆ ನೇರ ಬುದ್ಧಿಯಿಲ್ಲ.

ಈ ವಕ್ರವನ್ನು ತಿದ್ದುವವನೇ ಪ್ಯಾಸೆಂಜರು. ಸೈಡ್‌ಕಾರಿರುವ ಕಡೆಗೆ ತಿರುವು ಬಂತೆನ್ನಿ. ಮೂರನೆಯ ಚಕ್ರ ನೆಲ ಬಿಟ್ಟು ಏಳತೊಡಗುತ್ತದೆ. ಆಗ ಅವನು ಒಂದು ಹಿಡಿಗೆ ಜೋತು, ಮೈಯನ್ನೆಲ್ಲ ಹೊರಗೆ ಚಾಚಿ, ಬೆನ್ನು ರಸ್ತೆಯನ್ನು ಸವರುವಷ್ಟು ಕೆಳಗಿಳಿದು ಆ ಚಕ್ರವನ್ನು ತನ್ನ ಭಾರದಿಂದ ಅದುಮುತ್ತಾನೆ. ಮರುಕ್ಷಣ ಎದುರು ತಿರುವು. ಅಷ್ಟರಲ್ಲಿ ಅವನು ಹಲಗೆಯ ಅಡ್ಡಗಲಕ್ಕೂ ಹಾರಿ, ಚಾಲಕನ ಬೆನ್ನ ಹಿಂದೆ ಹಿಂಚಕ್ರದ ಮೇಲೆ ಮೈಚೆಲ್ಲಿರಬೇಕು. ಬ್ರೇಕು ಹಾಕಿದಾಗ ಒಂದು ಕಡೆ, ವೇಗ ಎತ್ತಿದಾಗ ಇನ್ನೊಂದು ಕಡೆ. ಸುತ್ತಿನಿಂದ ಸುತ್ತಿಗೆ ಇದೇ ನರ್ತನ. ‘ಈಗ ತಿರುಗುತ್ತೇನೆ’ ಎಂದು ಚಾಲಕ ಕೂಗಿ ಹೇಳುವಂತಿಲ್ಲ. ಹೇಳಿದರೂ ಆ ಗರ್ಜನೆಯಲ್ಲಿ ಕೇಳುವುದಿಲ್ಲ. ಚಾಲಕನ ಮನಸ್ಸಿನಲ್ಲಿ ಮೂಡಿದ್ದು ಪ್ಯಾಸೆಂಜರನ ಮೈಯಲ್ಲಿ ಮೂಡಬೇಕು. ಅವನು ಬರುತ್ತಾನೆಂದು ನಂಬಿಯೇ ಚಾಲಕ ತಿರುವಿಗೆ ನುಗ್ಗುತ್ತಾನೆ. ಇವನು ನುಗ್ಗುತ್ತಾನೆಂದು ನಂಬಿಯೇ ಅವನು ಹೊರಗೆ ಜೋಲುತ್ತಾನೆ.

ಇಷ್ಟಾದರೂ ಅವನಿಗೆ ಸಿಕ್ಕ ಅಡ್ಡಹೆಸರುಗಳನ್ನು ನೋಡಿ! ಇಂಗ್ಲಿಷ್ ಮಾತನಾಡುವ ಕೆಲವು ನಾಡುಗಳಲ್ಲಿ ಅವನು ‘ಮಂಕಿ’, ಎಂದರೆ ಕೋತಿ. ಹಿಂದಿನ ಕಾಲದಲ್ಲಿ ಓಡುವಾಗಲೇ ಇಂಜಿನ್ನಿಗೆ ಎಣ್ಣೆ ಒತ್ತುವ ಕೆಲಸವೂ ಅವನದೇ ಆಗಿದ್ದುದರಿಂದ ಜರ್ಮನರು ‘ಎಣ್ಣೆಯ ಮ್ಯಾಕ್ಸ’ ಎಂಬರ್ಥದಲ್ಲಿ ‘ಶ್ಮೀರ್‌ಮಾಕ್ಸೆ’ ಎಂದು ಕರೆದರು. ಕುರುಕ್ಷೇತ್ರದಲ್ಲಿ ಮೆರೆದುದು ರಥಿಕನ ಹೆಸರು. ಸಾರಥಿಯದು ಕೃಷ್ಣ, ಶಲ್ಯರಂತಹವರನ್ನು ಬಿಟ್ಟರೆ ಮರೆಯಿತು. ಇಲ್ಲಿ ಎಲ್ಲ ತಿರುಗುಮುರುಗು. ಸಾರಥಿಗೆ ಕೀರ್ತಿ, ಮೈಯೊಡ್ಡಿ ಹೋರಾಡುವವನಿಗೆ ಅಡ್ಡಗೆರೆಯ ಆಚೆಗಿನ ಸಣ್ಣಕ್ಷರ.

ಆ ಸಣ್ಣಕ್ಷರದವರಲ್ಲಿ ಒಬ್ಬನು ಮಾತ್ರ ಬೇರೊಂದು ದಾರಿಯಿಂದ ಪ್ರಸಿದ್ಧನಾದನು. ಸೈಡ್‌ಕಾರುಗಳ ವಿಶ್ವ ಚಾಂಪಿಯನ್‌ಷಿಪ್ ಮೊದಲಾದುದು 1949ರಲ್ಲಿ. ಗೆದ್ದವನು ನಾರ್ಟನ್ ಓಡಿಸಿದ ಇಂಗ್ಲೆಂಡಿನ ಎರಿಕ್ ಆಲಿವರ್. ಅವನ ಪಕ್ಕದಲ್ಲಿ ಜೋತವನು ಡೆನಿಸ್ ಜೆಂಕಿನ್ಸನ್ ಎಂಬ ಗಡ್ಡಧಾರಿ ಕುಳ್ಳ ಪತ್ರಕರ್ತ. ಆರು ವರ್ಷಗಳ ತರುವಾಯ, 1955ರ ಮೇ 1ರಂದು, ಇಟಲಿಯ ಸಾವಿರ ಮೈಲಿಗಳ ‘ಮಿಲ್ಲೆ ಮಿಲ್ಯಾ’ ಪಂದ್ಯದಲ್ಲಿ ಸ್ಟರ್ಲಿಂಗ್ ಮಾಸ್ ಕಾರು ಓಡಿಸಿದಾಗ ಪಕ್ಕದಲ್ಲಿದ್ದವನೂ ಇದೇ ಜೆಂಕಿನ್ಸನ್. ಇಡೀ ಹಾದಿಯ ತಿರುವುಗಳನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದು, ಪೆಟ್ಟಿಗೆಯೊಳಗೆ ಸುತ್ತುತ್ತ, ಕೈಸನ್ನೆಯಿಂದ ಅವುಗಳನ್ನು ತಿಳಿಸುತ್ತ ಹೋದನು. ಗುಡ್ಡದಾಚೆಗಿನ ರಸ್ತೆ ಕಾಣದಿದ್ದರೂ ಆ ಸನ್ನೆಯನ್ನು ನಂಬಿ ಮಾಸ್ ಪೂರ್ಣ ವೇಗದಲ್ಲಿ ನುಗ್ಗಿದನು. 10 ಗಂಟೆ, 7 ನಿಮಿಷ, 48 ಸೆಕೆಂಡುಗಳಲ್ಲಿ ಗೆದ್ದರು. ಮಾತಿಲ್ಲದೆ ಒಬ್ಬರನ್ನೊಬ್ಬರು ಅರಿಯುವ ಆ ಪಾಠವನ್ನು ಜೆಂಕಿನ್ಸನ್ ಕಲಿತದ್ದು ಸೈಡ್‌ಕಾರಿನ ಹಲಗೆಯ ಮೇಲೆ ಎಂದರೆ ತಪ್ಪಾಗಲಾರದು.

ಗಂಡಸರ ಆಟವೆಂದು ಯಾರಾದರೂ ಭಾವಿಸಿದ್ದರೆ ಅದನ್ನು ಸುಳ್ಳುಮಾಡಿದವಳು ಜರ್ಮನಿಯ ಇಂಗೆ ಸ್ಟೋಲ್. ಐಲ್ ಆಫ್ ಮ್ಯಾನ್ ದ್ವೀಪದ ಹೆಸರಾಂತ ಟಿ.ಟಿ. ಪಂದ್ಯಗಳಲ್ಲಿ ಹೆಣ್ಣೊಬ್ಬಳು ಮೊದಲ ಬಾರಿಗೆ ಸ್ಪರ್ಧಿಸಿದ್ದು 1954ರಲ್ಲಿ. ಫ್ರೆಂಚ್ ಚಾಲಕ ಜಾಕ್ ಡ್ರಿಯಾನನ ಪ್ಯಾಸೆಂಜರಾಗಿ ಅವಳು ಐದನೆಯ ಸ್ಥಾನ ಪಡೆದಳು. 1958ರಲ್ಲಿ ಚೆಕೊಸ್ಲೊವಾಕಿಯಾದ ಬ್ರನೊದಲ್ಲಿ ಬಂಡಿ ಉರುಳಿ ಇಬ್ಬರೂ ತೀರಿಕೊಂಡರು.

ಹೆಲ್ಮುಟ್ ಫಾಟ್ ಬದುಕುಳಿದನು. ಬದುಕುಳಿಯುವುದೂ ಕೆಲವೊಮ್ಮೆ ಹಗುರವಾದ ಶಿಕ್ಷೆಯಲ್ಲ. 1960ರಲ್ಲಿ ಬಿ.ಎಂ.ಡಬ್ಲ್ಯು. ಬಂಡಿಯಲ್ಲಿ ಅವನು ವಿಶ್ವ ಚಾಂಪಿಯನ್ನನಾದಾಗ ಹಲಗೆಯ ಮೇಲಿದ್ದವನು ಆಲ್ಫ್ರೆಡ್ ವೋಲ್‌ಗೆಮುಟ್. ಮರುವರ್ಷದ ವಸಂತದಲ್ಲಿ, ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ, ಅಪಘಾತವಾಯಿತು. ವೋಲ್‌ಗೆಮುಟ್ ಸತ್ತನು, ಫಾಟ್ ತೀವ್ರವಾಗಿ ಗಾಯಗೊಂಡು ವರ್ಷಗಳ ಕಾಲ ಕಣದಿಂದ ದೂರವಾದನು. ಹಿಡಿಯಿದ್ದವನು ಉಳಿದನು, ಹಿಡಿಯಿಲ್ಲದವನು ಹೋದನು. ಆ ರಾತ್ರಿಗಳಲ್ಲಿ ಅವನು ಏನನ್ನು ನೆನೆದನೋ, ಯಾರಿಗೆ ಗೊತ್ತು? ಹಗಲುಗಳಲ್ಲಿ ಅವನು ಮಾಡಿದುದು ಮಾತ್ರ ದಾಖಲೆಯಲ್ಲಿದೆ. ಉರ್ಸೆನ್‌ಬಾಖ್ ಎಂಬ ತನ್ನ ಹಳ್ಳಿಯಲ್ಲಿ ಕುಳಿತು, ದೊಡ್ಡ ಕಾರ್ಖಾನೆಯ ಹಂಗಿಲ್ಲದೆ, ನಾಲ್ಕು ಸಿಲಿಂಡರಿನ 500 ಸಿ.ಸಿ. ಇಂಜಿನ್ನೊಂದನ್ನು ಕಟ್ಟಿದನು. ಹಳ್ಳಿಯ ಹೆಸರಿನ ಮೊದಲ ಅಕ್ಷರಗಳನ್ನೇ ಅದಕ್ಕಿಟ್ಟು ‘ಉರ್ಸ್’ ಎಂದು ಕರೆದನು. (ಇಂಗ್ಲಿಷ್ ಅಕ್ಷರಗಳಲ್ಲಿ ಕಂಡರೆ ಮೈಸೂರಿನವರು ಯಾವನೋ ಅರಸು ಮನೆತನದವನ ಯಂತ್ರವೆಂದು ಬಗೆದಾರು!)

1966ರಲ್ಲಿ ಅವನು ಕಣಕ್ಕೆ ಮರಳಿದನು. 1968ರಲ್ಲಿ, ತನ್ನ ಕೈಯಿಂದಲೇ ಹುಟ್ಟಿದ ಇಂಜಿನ್ನಿನಿಂದ, ಮತ್ತೆ ವಿಶ್ವ ಚಾಂಪಿಯನ್ನನಾದನು. 1954ರಿಂದ 1974ರವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ ಹತ್ತೊಂಬತ್ತು ಬಾರಿ ಗೆದ್ದುದು ಬಿ.ಎಂ.ಡಬ್ಲ್ಯು. ಇಂಜಿನ್ನುಗಳೇ. ತಪ್ಪಿದ ವರ್ಷಗಳು ಎರಡು: 1968 ಮತ್ತು 1971. ಎರಡನೆಯ ಬಾರಿಯೂ ಓಡಿದುದು ಉರ್ಸ್ ಇಂಜಿನ್ನೇ; ಆಗಿನ ಚಾಲಕ ಹೋರ್ಸ್ಟ್ ಓವೆಸ್ಲೆ. ಹಳ್ಳಿಯೊಂದು ಮಹಾ ಕಾರ್ಖಾನೆಯನ್ನು ಸೋಲಿಸಿದ ಈ ಕಥೆಯನ್ನು ಹಲವರು ಹೇಳುತ್ತಾರೆ. ಅದಕ್ಕಿಂತ ಕಷ್ಟದ ಇನ್ನೊಂದು ಕೆಲಸ 1968ಕ್ಕೆ ಮೊದಲು ನಡೆದಿರಬೇಕು. ಮತ್ತೊಬ್ಬ ಮನುಷ್ಯನನ್ನು ಆ ಹಲಗೆಯ ಮೇಲೆ ಬರಹೇಳಬೇಕಾಗಿತ್ತು. ಆ ಇನ್ನೊಬ್ಬನು ಬರಲು ಒಪ್ಪಬೇಕಾಗಿತ್ತು. ಅವನ ಹೆಸರು ವೋಲ್ಫ್‌ಗಾಂಗ್ ಕಾಲೌಖ್. ವೋಲ್‌ಗೆಮುಟನ ಜಾಗಕ್ಕೆ ಬರುವುದೆಂದರೇನೆಂದು ಅವನಿಗೆ ತಿಳಿಯದಿರಲಿಲ್ಲ.

ಹಳೆಯ ಯಂತ್ರಗಳ ಇಂದಿನ ಜಾತ್ರೆಗಳಲ್ಲಿ ಅಂತಹ ಪ್ರಾಣಾಂತಿಕ ಪೈಪೋಟಿಯಿಲ್ಲ. ಇವುಗಳಲ್ಲಿ ಬಹಳ ಕಡೆ ನಿಯಮವೇ ವಿಚಿತ್ರ: ಎಲ್ಲರಿಗಿಂತ ವೇಗವಾಗಿ ಓಡಿದವನಿಗಲ್ಲ, ಸುತ್ತುಗಳನ್ನೆಲ್ಲ ಒಂದೇ ಸಮನಾದ ಕಾಲದಲ್ಲಿ ಮುಗಿಸಿದವನಿಗೆ ಬಹುಮಾನ. ಹುಡುಗರಿಗೆ ಇದು ಸಪ್ಪೆಯೆನಿಸಬಹುದು. ಆದರೆ ತಿರುವಿಗೆ ಈ ನಿಯಮ ಗೊತ್ತಿಲ್ಲ. ಬಂಡಿ ಬಂದಾಗ ಚಕ್ರ ಏಳುತ್ತದೆ. ಅರುವತ್ತು ದಾಟಿದ ಪ್ಯಾಸೆಂಜರಾದರೂ ಹೊರಗೆ ಜೋಲಲೇಬೇಕು. ಭಾನುವಾರ ಸಂಜೆಗೆ ಮೊಣಕೈಯ ಚರ್ಮದ ತೇಪೆ ಸವೆದಿರುತ್ತದೆ, ಮೈತುಂಬ ಎಣ್ಣೆಯ ಹನಿಗಳಿರುತ್ತವೆ. ಓಡುವಾಗ ಜನ ತೆಗೆದ ಚಿತ್ರಗಳಲ್ಲಿ ಅವನ ಮುಖ ಸರಿಯಾಗಿ ಕಾಣುವುದಿಲ್ಲ. ಅದು ರಸ್ತೆಗೆ ಅಷ್ಟು ಹತ್ತಿರದಲ್ಲಿರುತ್ತದೆ. ಬಾವುಟ ಬಿದ್ದ ಮೇಲೆ ಮೆಲ್ಲಗೆ ಹಾಕುವ ಕೊನೆಯ ಸುತ್ತಿನಲ್ಲಿ ಮಾತ್ರ ಅವನು ಹಲಗೆಯ ಮೇಲೆ ಎದ್ದು ನಿಲ್ಲುತ್ತಾನೆ. ಒಂದು ಕೈಯನ್ನು ಚಾಲಕನ ಬೆನ್ನ ಮೇಲಿಟ್ಟು, ಇನ್ನೊಂದನ್ನು ಬೇಲಿಯ ಬಳಿಯ ಜನರತ್ತ ಬೀಸುತ್ತಾನೆ.